ಅಳತೆಗೆ ಸಿಗದ ಗಾಂಜಾ ಔಷಧವಾದ ಬಗೆ

1838ರ ನವೆಂಬರ್‌ನಲ್ಲಿ ಕಲ್ಕತ್ತದ ಆಸ್ಪತ್ರೆಯೊಂದರಲ್ಲಿ ಐರಿಷ್ ವೈದ್ಯ ವಿಲಿಯಂ ಓಶಾನೆಸ್ಸಿ ಸಂಧಿವಾತದ ಮೂವರು ರೋಗಿಗಳಿಗೆ ತಲಾ ಒಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ ಗಾಂಜಾ ರಾಳ ಕರಗಿಸಿ ಕುಡಿಸಿದರು. ಎರಡು ಗಂಟೆಯಲ್ಲಿ ಒಬ್ಬ ಹಾಡಲು ಶುರುಮಾಡಿದ, ಇನ್ನಷ್ಟು ಊಟ ಕೇಳಿದ. ರಾತ್ರಿಯ ಹೊತ್ತಿಗೆ ಮೈಮರೆತು ಬಿದ್ದಿದ್ದ. ಕೈಯನ್ನು ಯಾವ ಭಂಗಿಯಲ್ಲಿ ಇಟ್ಟರೆ ಹಾಗೇ ನಿಲ್ಲುತ್ತಿತ್ತು. ಮತ್ತೊಬ್ಬನಿಗೆ ಏನೂ ಆಗಲಿಲ್ಲ. ವಿಚಾರಿಸಿದಾಗ ಅವನು ದಿನವೂ ಗಾಂಜಾ ಸೇದುವವನೆಂದು ತಿಳಿಯಿತು.

ಓಶಾನೆಸ್ಸಿಯ ವರದಿ ಗಾಂಜಾವನ್ನು ಯುರೋಪಿನ ವೈದ್ಯಕೀಯಕ್ಕೆ ಪರಿಚಯಿಸಿತು. ಧನುರ್ವಾಯುವಿನ ಸೆಳೆತ ತಗ್ಗಿದ್ದನ್ನು ಅವರು ದಾಖಲಿಸಿದ್ದರು. ಆದರೆ ಒಂದೇ ಪ್ರಮಾಣಕ್ಕೆ ಒಬ್ಬೊಬ್ಬರ ಮೈ ಒಂದೊಂದು ರೀತಿ ಪ್ರತಿಕ್ರಿಯಿಸುವ ತೊಡಕೂ ಆ ವರದಿಯಲ್ಲೇ ಇತ್ತು. ಗಾಂಜಾ ಔಷಧವಾಗಲು ಅಷ್ಟು ತಡವಾದದ್ದಕ್ಕೆ ಸಾಮಾನ್ಯವಾಗಿ ಕಾನೂನನ್ನು ದೂರುತ್ತಾರೆ. ಕಾನೂನು ಬಿಗಿಯಾಗುವ ಮೊದಲೇ ವೈದ್ಯರು ಅದನ್ನು ಕೈಬಿಡತೊಡಗಿದ್ದರು, ಕಾರಣ ಅಳತೆ.

ಅಫೀಮಿನಿಂದ ಮಾರ್ಫಿನ್ ಅನ್ನು 19ನೇ ಶತಮಾನದ ಆರಂಭದಲ್ಲೇ ಬೇರ್ಪಡಿಸಿದ್ದರು. ಅದರ ಲವಣ ನೀರಿನಲ್ಲಿ ಕರಗುತ್ತದೆ. ಇಂಜೆಕ್ಷನ್ ಸೂಜಿ ಬಂದ ಮೇಲೆ ಇಷ್ಟು ಕೊಟ್ಟರೆ ಇಷ್ಟು ಫಲ ಎಂಬ ಲೆಕ್ಕ ಸಿಕ್ಕಿತು. ಗಾಂಜಾದ ಸಾರವೋ ಜಿಡ್ಡು ಜಿಡ್ಡಾದ ರಾಳ. ನೀರಿಗೆ ಬೆರೆಯದು, ಸೂಜಿಯಲ್ಲಿ ಕೊಡಲಾಗದು, ಹರಳುಗಟ್ಟದು. ಅಂಗಡಿಯ ಟಿಂಕ್ಚರಿನ, ಅಂದರೆ ಮದ್ಯಸಾರದಲ್ಲಿ ಕರಗಿಸಿದ ಸಾರದ, ಶಕ್ತಿ ಬಾಟಲಿಯಿಂದ ಬಾಟಲಿಗೆ ಬದಲಾಗುತ್ತಿತ್ತು, ಹಳತಾದಷ್ಟೂ ಕುಂದುತ್ತಿತ್ತು. ಆ ಶತಮಾನದ ಕೊನೆಗೆ ಕೇಂಬ್ರಿಡ್ಜ್‌ನ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದ ಕ್ಯಾನಬಿನಾಲ್ ಕೂಡ ಮುಖ್ಯ ಸತ್ವವಾಗಿರಲಿಲ್ಲ. ಅದು ಸತ್ವ ಗಾಳಿಗೆ ಹಳಸಿ ಉಳಿಯುವ ಪದಾರ್ಥ. ಗಾಂಜಾಕ್ಕೆ ತೆರಿಗೆ ಹೇರಿದ ಅಮೆರಿಕದ 1937ರ ಕಾಯ್ದೆಯ ಬಳಿಕ, 1942ರಲ್ಲಿ ಅಲ್ಲಿನ ಅಧಿಕೃತ ಔಷಧ ಕೋಶದಿಂದ ಗಾಂಜಾ ಹೊರಬಿತ್ತು.

ಗಂಟು ಬಿಚ್ಚಿದ್ದು ಇಸ್ರೇಲಿನಲ್ಲಿ. ಪೊಲೀಸರು ವಶಪಡಿಸಿಕೊಂಡಿದ್ದ 5 ಕಿಲೋ ಲೆಬನಾನ್ ಚರಸ್ ಪಡೆದು ಕೆಲಸಕ್ಕಿಳಿದ ರಸಾಯನಶಾಸ್ತ್ರಜ್ಞ ರಫೇಲ್ ಮೆಕೌಲಮ್ ಗಾಂಜಾದ ಎರಡು ಮುಖ್ಯ ಸತ್ವಗಳ ರಚನೆ ಬಿಡಿಸಿಟ್ಟರು: 1963ರಲ್ಲಿ ಸಿಬಿಡಿ (ಕ್ಯಾನಬಿಡಿಯಾಲ್), 1964ರಲ್ಲಿ ಯೆಹಿಯೆಲ್ ಗಾವೊನಿ ಜೊತೆ ಸೇರಿ ಟಿಎಚ್‌ಸಿ (ಟೆಟ್ರಾಹೈಡ್ರೊಕ್ಯಾನಬಿನಾಲ್). ಅಮಲೇರಿಸುವುದು ಟಿಎಚ್‌ಸಿ, ಸಿಬಿಡಿ ಏರಿಸುವುದಿಲ್ಲ.

ಟಿಎಚ್‌ಸಿ ಹೋಗಿ ಕೂರುವ ಜಾಗ ಗೊತ್ತಾಗಲು ಇನ್ನೂ 24 ವರ್ಷ ಬೇಕಾಯಿತು. 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಆಲಿನ್ ಹೌಲೆಟ್ ತಂಡ ಮಿದುಳಿನ ಕೋಶಗಳಲ್ಲಿ ಅಂಥ ಜಾಗವನ್ನು, ಅಂದರೆ ಸಿಬಿ1 ಎಂಬ ಗ್ರಾಹಕವನ್ನು ಗುರುತಿಸಿತು. ಹೆಚ್ಚಾಗಿ ರೋಗನಿರೋಧಕ ಕೋಶಗಳಲ್ಲಿರುವ ಸಿಬಿ2 ಪತ್ತೆಯಾದದ್ದು 1993ರಲ್ಲಿ. ಈ ಗ್ರಾಹಕಗಳಿಗೆ ದೇಹವೇ ತಯಾರಿಸುವ ಅನಂದಮೈಡ್ 1992ರಲ್ಲಿ ಸಿಕ್ಕಿತು. ಇದು ಕೆಲಸ ಮಾಡುವ ದಾರಿ ವಿಚಿತ್ರ. ಸಾಮಾನ್ಯವಾಗಿ ನರಸಂದೇಶ ಕಳುಹಿಸುವ ಕೋಶದಿಂದ ಪಡೆಯುವ ಕೋಶಕ್ಕೆ ಹೋಗುತ್ತದೆ. ಅನಂದಮೈಡ್‌ನಂಥ ದೇಹದ ಕ್ಯಾನಬಿನಾಯ್ಡ್‌ಗಳು (ಈ ಗ್ರಾಹಕಗಳಲ್ಲಿ ಕೂರುವ ವಸ್ತುಗಳು) ಹಿಮ್ಮುಖವಾಗಿ ಹರಿದು, ಕಳುಹಿಸುವ ಕೋಶಕ್ಕೆ ‘ಸಾಕು’ ಎನ್ನುತ್ತವೆ. ಉಸಿರಾಟ ನಡೆಸುವ ಮಿದುಳುಕಾಂಡದಲ್ಲಿ ಸಿಬಿ1 ತೀರ ಕಡಿಮೆ. ಹಾಗಾಗಿ ಟಿಎಚ್‌ಸಿ ಅತಿಯಾದರೂ ಸಾಮಾನ್ಯವಾಗಿ ಅಫೀಮಿನಂತೆ ಉಸಿರು ನಿಲ್ಲಿಸುವುದಿಲ್ಲ. ಅಂಗಡಿಗಳಲ್ಲಿ ‘ಸ್ಪೈಸ್’ ಎಂದು ಮಾರಾಟವಾದ ಕೃತಕ ಕ್ಯಾನಬಿನಾಯ್ಡ್‌ಗಳಿಗೆ ಈ ಭರವಸೆ ಸಲ್ಲದು: ಟಿಎಚ್‌ಸಿ ಗ್ರಾಹಕವನ್ನು ಅರೆಬರೆ ಪ್ರಚೋದಿಸಿದರೆ ಅವು ಪೂರ್ತಿ ಪ್ರಚೋದಿಸುತ್ತವೆ, ಜೀವಗಳನ್ನೂ ತೆಗೆದಿವೆ.

ಗ್ರಾಹಕ ಪತ್ತೆಯಾಗುವ ಮುಂಚೆಯೇ, 1985ರಲ್ಲಿ, ಕೃತಕವಾಗಿ ತಯಾರಿಸಿದ ಟಿಎಚ್‌ಸಿ ಡ್ರೊನಾಬಿನಾಲ್ ಹೆಸರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಕಿಮೊಥೆರಪಿಯ ವಾಂತಿಗೆ ಮೊದಲು, 1992ರಿಂದ ಏಡ್ಸ್ ರೋಗಿಗಳ ಹಸಿವಿಗೆ. ಹಸಿವಿಗಾದರೆ ಆರಂಭ 2.5 ಮಿಲಿಗ್ರಾಂ, ದಿನಕ್ಕೆರಡು ಸಲ, ಊಟಕ್ಕೆ ಮುಂಚೆ. ನುಂಗಿದ ಟಿಎಚ್‌ಸಿಯ ಬಹುಪಾಲು ಯಕೃತ್ತಿನಲ್ಲೇ ಬದಲಾಗುತ್ತದೆ. ಹಾಗೆ ಹುಟ್ಟುವ ವಸ್ತುವಿಗೂ ಮತ್ತೇರಿಸುವ ಗುಣವಿದೆ. ಪರಿಣಾಮ ಕಾಣಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ತಿನ್ನುವ ಗಾಂಜಾ ಪದಾರ್ಥಗಳಿಂದ ಆಸ್ಪತ್ರೆ ಸೇರುವವರಲ್ಲಿ ಅನೇಕರ ತಪ್ಪು ಇದೇ: ಗಂಟೆ ಕಾದು, ಏನೂ ಆಗಲಿಲ್ಲವೆಂದು ಇನ್ನೊಂದು ತಿಂದಿರುತ್ತಾರೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸ್ನಾಯು ಬಿಗಿತಕ್ಕೆ ಬರುವ ಸ್ಯಾಟಿವೆಕ್ಸ್ ಈ ಕಾರಣಕ್ಕೇ ಬಾಯೊಳಗೆ ಸಿಂಪಡಿಸುವ ರೂಪದಲ್ಲಿದೆ. ಒಂದು ಸಿಂಪಡಿಕೆಯಲ್ಲಿ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ. ಮೊದಲ ದಿನ ಸಂಜೆ ಒಂದೇ ಸಲ. ನಂತರ ನಿಧಾನವಾಗಿ ಏರಿಸುತ್ತಾ ದಿನಕ್ಕೆ ಹೆಚ್ಚೆಂದರೆ 12.

ಅಳತೆ ಎಷ್ಟು ಮುಖ್ಯ ಎನ್ನುವುದಕ್ಕೆ ಎಪಿಡಿಯೊಲೆಕ್ಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಗಿಡದಿಂದಲೇ ತೆಗೆದು ಶುದ್ಧೀಕರಿಸಿದ ಈ ಸಿಬಿಡಿ ದ್ರಾವಣ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ಕಠಿಣ ಮೂರ್ಛೆರೋಗಗಳಿಗೆ 2018ರ ಜೂನ್‌ನಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ ಮೊದಲ ವಾರ ಬೆಳಿಗ್ಗೆ ಅರ್ಧ ಮಿಲಿಲೀಟರ್, ಸಂಜೆ ಅರ್ಧ. ಆಮೇಲೆ ಎರಡು ಹೊತ್ತೂ ಒಂದೊಂದು. ಅಗತ್ಯವಿದ್ದು ಮಗು ತಾಳಿಕೊಂಡರೆ ಎರಡೆರಡರವರೆಗೆ. ಕೊಬ್ಬಿನ ಊಟದ ಜೊತೆ ಕೊಟ್ಟರೆ ರಕ್ತಕ್ಕೆ ಸೇರುವುದು ನಾಲ್ಕೈದು ಪಟ್ಟು ಹೆಚ್ಚಬಹುದು. ಆದ್ದರಿಂದ ಊಟದ ಜೊತೆಗೋ ಬರಿಹೊಟ್ಟೆಗೋ, ದಿನವೂ ಒಂದೇ ಕ್ರಮ ಇರಬೇಕು. ಜೊತೆಗೆ ಕ್ಲೋಬಜಾಮ್ ಎಂಬ ಇನ್ನೊಂದು ಮೂರ್ಛೆರೋಗದ ಔಷಧ ನಡೆಯುತ್ತಿದ್ದರೆ ಅದರ ಸಕ್ರಿಯ ಅಂಶ ರಕ್ತದಲ್ಲಿ ಮೂರು ಪಟ್ಟು ಏರಿ ಮಗು ಮಂಕಾಗಬಹುದು. ಆಗ ವೈದ್ಯರು ಕ್ಲೋಬಜಾಮ್ ಇಳಿಸುವ ಬಗ್ಗೆ ಯೋಚಿಸುತ್ತಾರೆ. ಮೂರ್ಛೆರೋಗದ್ದೇ ಆದ ವಾಲ್‌ಪ್ರೊಯೇಟ್ ಔಷಧ ಇದ್ದರೆ ಯಕೃತ್ತಿನ ಕಿಣ್ವಗಳು ಏರುವ ಅಪಾಯ ಹೆಚ್ಚು. ರಕ್ತಪರೀಕ್ಷೆ ಶುರುವಿಗೆ ಮುಂಚೆ, ಬಳಿಕ 1, 3, 6ನೇ ತಿಂಗಳಿಗೆ. ಥಟ್ಟನೆ ನಿಲ್ಲಿಸಿದರೆ ಸೆಳವು ಹೆಚ್ಚಾಗಬಹುದು.

ಈಗ ಅಂಗಡಿಯ ಸಿಬಿಡಿ ಎಣ್ಣೆ ನೋಡಿ. ಬಾಟಲಿಯ ಮೇಲೆ ಒಟ್ಟು 500 ಮಿಲಿಗ್ರಾಂ ಎಂದಿದ್ದರೆ, ಅದೇ ಮಗುವಿನ ದಿನಕ್ಕೆ 200 ಮಿಲಿಗ್ರಾಂ ಲೆಕ್ಕದಲ್ಲಿ ಎರಡೂವರೆ ದಿನಕ್ಕೆ ಖಾಲಿ. ಬರೆದಷ್ಟು ಒಳಗಿದ್ದರೆ, ಅಷ್ಟೇ. ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೇಬಲ್ ಸರಿಯಿದ್ದದ್ದು 26ರಲ್ಲಿ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇಂಥ ಎಣ್ಣೆ ಶುರುಮಾಡಿದರೆ ವಾರ್ಫರಿನ್ ಮಟ್ಟ ಏರಿ ರಕ್ತಸ್ರಾವವಾಗಬಹುದು, ಏಕೆಂದರೆ ಅದನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಸಿಬಿಡಿ ತಡೆಯುತ್ತದೆ.