ತಂದೆಯ ಹಣೆಪಟ್ಟಿ, ಮಕ್ಕಳ ಪಾಲು

ಮಾವೋ ಕಾಲದ ಚೀನಾದಲ್ಲಿ ಶಾಲೆಗೋ ಕೆಲಸಕ್ಕೋ ಸೈನ್ಯಕ್ಕೋ ಅರ್ಜಿ ಹಾಕುವವರು ತುಂಬಬೇಕಿದ್ದ ನಮೂನೆಯಲ್ಲಿ ‘ಕುಟುಂಬದ ಮೂಲ’ ಎಂಬ ಕಾಲಂ ಇರುತ್ತಿತ್ತು. ಅಲ್ಲಿ ‘ಬಡ ರೈತ’ ಎಂದು ಬರೆಯಬಲ್ಲವನ ದಾರಿ ಸಲೀಸು. ‘ಜಮೀನ್ದಾರ’ ಎಂದು ಬರೆಯಬೇಕಾದವನು, ತಾನು ಕಣ್ಣಿನಿಂದಲೂ ನೋಡಿರದ ಜಮೀನಿಗೆ ಜೀವನವಿಡೀ ದಂಡ ತೆರಬೇಕಿತ್ತು.

ಈ ಕಾಲಮ್ಮಿನ ಬೇರು 1950ರ ಭೂಸುಧಾರಣಾ ಕಾನೂನಿನ ಕಾಲದ್ದು. ಹಳ್ಳಿಗಳಿಗೆ ಬಂದ ಕಮ್ಯುನಿಸ್ಟ್ ಪಕ್ಷದ ತಂಡಗಳು ಮನೆಮನೆಗೂ ಒಂದೊಂದು ವರ್ಗವನ್ನು ಗೊತ್ತುಮಾಡಿದವು. ಗೇಣಿದಾರರಿಗೆ ಭೂಮಿ ಸಿಕ್ಕಿದ್ದನ್ನು ಅಲ್ಲಗಳೆಯುವಂತಿಲ್ಲ. ಆದರೆ 1956ರ ಹೊತ್ತಿಗೆ ಆ ಭೂಮಿಯೂ ಬಹುಮಟ್ಟಿಗೆ ಸಾಮೂಹಿಕ ಒಡೆತನಕ್ಕೆ ಸೇರಿಹೋಯಿತು. ಹಣೆಪಟ್ಟಿ ಮಾತ್ರ ತಂದೆಯಿಂದ ಮಕ್ಕಳಿಗೆ ಇಳಿಯುತ್ತಾ ಉಳಿಯಿತು. 1957ರಲ್ಲಿ, ಪಕ್ಷವೇ ಟೀಕೆಯನ್ನು ಆಹ್ವಾನಿಸಿ, ಬಾಯಿಬಿಟ್ಟ ಸುಮಾರು 5.5 ಲಕ್ಷ ಜನರನ್ನು ‘ಬಲಪಂಥೀಯರು’ ಎಂದು ಗುರುತಿಸಿತು. ಅವರ ಹೆಂಡಿರು ಮಕ್ಕಳ ಮೇಲೆ ‘ಗೆರೆ ಎಳೆದುಕೊಳ್ಳುವ’, ಎಂದರೆ ಗಂಡನನ್ನೋ ತಂದೆಯನ್ನೋ ಬಹಿರಂಗವಾಗಿ ತೊರೆಯುವ ಒತ್ತಡ ಬಿತ್ತು.

ಉತ್ಪಾದನೆಯನ್ನು ದಿಢೀರನೆ ಏರಿಸಲು ಹೊರಟ 1958ರ ‘ಮಹಾ ಜಿಗಿತ’ದ ಅಭಿಯಾನ ಎಲ್ಲ ಹಣೆಪಟ್ಟಿಯವರ ಅಡುಗೆಮನೆಗೂ ಕೈಹಾಕಿತು. ಹಲವು ಹಳ್ಳಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಜನತಾ ಕಮ್ಯೂನುಗಳಲ್ಲಿ ಸಾಮೂಹಿಕ ಭೋಜನಶಾಲೆಗಳು ತೆರೆದವು. ಎಷ್ಟೋ ಕಡೆ ಮನೆಯ ಕಬ್ಬಿಣದ ಬಾಣಲೆಗಳು ಉಕ್ಕು ಮಾಡುವ ಹೆಸರಿನಲ್ಲಿ ಹಿತ್ತಲ ಕುಲುಮೆಗಳಿಗೆ ಬಿದ್ದವು. ಸುಳ್ಳು ಇಳುವರಿ ಲೆಕ್ಕವನ್ನು ನಂಬಿ ಸರ್ಕಾರ ಧಾನ್ಯ ಎತ್ತಿಕೊಂಡು ಹೋದ ಮೇಲೆ ಭೋಜನಶಾಲೆಯ ಹಂಡೆ ಬರಿದಾಯಿತು, ಮನೆಯಲ್ಲಿ ಒಲೆ ಹಚ್ಚೋಣವೆಂದರೆ ಪಾತ್ರೆಯೇ ಇರಲಿಲ್ಲ. ಸೌಟು ಹಿಡಿದವನ ಮೇಲಧಿಕಾರಿಗೆ ಬೇಡವಾದವರ ಬಟ್ಟಲಿಗೆ ಗಂಜಿಯೂ ಬೀಳುತ್ತಿರಲಿಲ್ಲ. ಕ್ಷಾಮದಲ್ಲಿ ಸತ್ತವರ ಸಂಖ್ಯೆ 1.5 ಕೋಟಿಯಿಂದ 4.5 ಕೋಟಿಯವರೆಗೆ ಎಂದು ವಿದ್ವಾಂಸರು ಬೇರೆಬೇರೆಯಾಗಿ ಅಂದಾಜು ಮಾಡುತ್ತಾರೆ. ಹೆನಾನ್ ಪ್ರಾಂತ್ಯದ ಶಿನ್‌ಯಾಂಗ್ ಪ್ರದೇಶ ತೀವ್ರವಾಗಿ ನಲುಗಿದವುಗಳಲ್ಲೊಂದು.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಹಣೆಪಟ್ಟಿ ಪ್ರಾಣಕ್ಕೇ ಎರವಾಯಿತು. ಆ ಆಗಸ್ಟ್ ಕೊನೆಯಲ್ಲಿ ಬೀಜಿಂಗ್ ಹೊರವಲಯದ ದಾಶಿಂಗ್‌ನಲ್ಲಿ ‘ಕಪ್ಪು’ ವರ್ಗದ, ಎಂದರೆ ಜಮೀನ್ದಾರ, ಸಿರಿವಂತ ರೈತ ಮುಂತಾದ ಕೆಟ್ಟ ಹಣೆಪಟ್ಟಿಯ ಮನೆಗಳ 325 ಜನರನ್ನು ಕೊಲ್ಲಲಾಯಿತು. ಅವರಲ್ಲಿ ಹಿರಿಯರಿಗೆ 80 ವರ್ಷ, ಕಿರಿಯ ಕೂಸಿಗೆ 38 ದಿನ. ‘ತಂದೆ ವೀರನಾದರೆ ಮಗ ಶೂರ, ತಂದೆ ಪ್ರತಿಗಾಮಿಯಾದರೆ ಮಗ ನೀಚ’ ಎಂಬರ್ಥದ ದ್ವಿಪದಿ ಆಗ ಗೋಡೆಗೋಡೆಗಳ ಮೇಲಿತ್ತು. ಹುಟ್ಟಿನ ಮೇಲರಿಮೆಯನ್ನು ಅಳಿಸಲು ಹೊರಟವರೇ ಹುಟ್ಟನ್ನು ಅಪರಾಧ ಮಾಡಿದ್ದರು. ಇದನ್ನು ಬರಹದಲ್ಲಿ ನೇರವಾಗಿ ಪ್ರಶ್ನಿಸಿದವನು ಯು ಲುವೊಕೆ, ತಂದೆತಾಯಿ ‘ಬಲಪಂಥೀಯ’ರಾದ ಕಾರಣಕ್ಕೆ ವಿಶ್ವವಿದ್ಯಾಲಯ ಸೇರಲಾಗದೆ ಹೋದ ತರುಣ. 1970ರ ಮಾರ್ಚ್ 5ರಂದು, 27ರ ವಯಸ್ಸಿನಲ್ಲಿ, ಅವನಿಗೆ ಮರಣದಂಡನೆಯಾಯಿತು. ಅದಕ್ಕೂ ಎರಡು ವರ್ಷ ಮೊದಲು ಶಾಂಘೈನಲ್ಲಿ 1957ರಲ್ಲಿ ‘ಬಲಪಂಥೀಯ’ಳೆನಿಸಿಕೊಂಡಿದ್ದ ಲಿನ್ ಝಾವೊ ಎಂಬಾಕೆಯನ್ನು ಗುಂಡಿಟ್ಟು ಕೊಂದ ಬಳಿಕ ಪೊಲೀಸರು ಮನೆಯ ಬಾಗಿಲಿಗೆ ಬಂದು, ಗುಂಡಿನ ಬೆಲೆಯೆಂದು ಆಕೆಯ ತಾಯಿಯಿಂದ 5 ಫೆನ್ (ಚೀನಾದ ಚಿಲ್ಲರೆ ನಾಣ್ಯ, ನೂರು ಫೆನ್‌ಗೆ ಒಂದು ಯುವಾನ್) ಕೇಳಿದ್ದರು.

1979ರ ಜನವರಿಯಲ್ಲಿ ಪಕ್ಷ ಬಹುತೇಕ ಜಮೀನ್ದಾರ, ಸಿರಿವಂತ ರೈತ ಎಂಬ ಹಣೆಪಟ್ಟಿಗಳನ್ನು ಕಿತ್ತಿತು. ಆ ಮನೆಗಳ ಮಕ್ಕಳ ಮೂಲವನ್ನು ಇನ್ನು ಮುಂದೆ ‘ಕಮ್ಯೂನ್ ಸದಸ್ಯ’ ಎಂದು ಬರೆಯಬೇಕೆಂದು ಹೇಳಿತು. ಯು ಲುವೊಕೆ ನಿರಪರಾಧಿಯೆಂಬ ತೀರ್ಪು ಬಂದದ್ದೂ ಅದೇ ವರ್ಷ. ಕಾಲಮ್ಮಿನಲ್ಲಿ ಹೊಸದಾಗಿ ಬಂದ ಆ ಕಮ್ಯೂನುಗಳನ್ನೇ ಮುಂದಿನ ಐದಾರು ವರ್ಷಗಳಲ್ಲಿ ಬಿಚ್ಚಿಹಾಕಲಾಯಿತು.