ಬರೆದ ತಮಾಷೆ ಯಾಕೆ ಜಗಳವಾಗುತ್ತದೆ?

1982ರ ಸೆಪ್ಟೆಂಬರ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳು ತಮ್ಮ ಆನ್‌ಲೈನ್ ಫಲಕದಲ್ಲಿ ಹರಟುತ್ತಿದ್ದರು. ಕೆಳಗೆ ಬೀಳುತ್ತಿರುವ ಲಿಫ್ಟಿನೊಳಗೆ ಪಾದರಸದ ಹನಿ ಇದ್ದರೆ ಅದಕ್ಕೇನಾಗುತ್ತದೆ ಎಂಬ ಚರ್ಚೆ. ಯಾರೋ ಒಬ್ಬರು ಸುಮ್ನೆ ತಮಾಷೆಗೆ, ಪ್ರಯೋಗ ಮಾಡಲು ಹೋಗಿ ಎಡಗಡೆಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಎಚ್ಚರ ಎಂದು ಬರೆದರು. ಹಿಂದಿನ ಮಾತು ಓದದೆ ಬಂದವರು ಅದನ್ನು ನಿಜವೆಂದೇ ನಂಬಿದರು. ಸೆಪ್ಟೆಂಬರ್ 19ರಂದು ಅವರಲ್ಲೊಬ್ಬರಾದ ಸ್ಕಾಟ್ ಫಾಲ್ಮನ್ ಒಂದು ಉಪಾಯ ಹೇಳಿದರು: ತಮಾಷೆಯ ಪಕ್ಕದಲ್ಲಿ ಕೋಲನ್, ಅಡ್ಡಗೆರೆ, ಆವರಣ ಚಿಹ್ನೆ ಸೇರಿಸಿದ ನಗುಮುಖ :-) ಹಾಕಿ.

ಅಷ್ಟು ಬುದ್ಧಿವಂತರಿಗೇ ಹೀಗಾದರೆ ಉಳಿದವರ ಗತಿ?

2005ರಲ್ಲಿ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಭಾಗವಹಿಸಿದವರು ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ, ಇಮೇಲ್‌ನಲ್ಲೋ ದನಿಯಲ್ಲೋ ಇನ್ನೊಬ್ಬರಿಗೆ ದಾಟಿಸಬೇಕು. 100ರಲ್ಲಿ 78 ಸಲ ನಮ್ಮ ಧಾಟಿ ಗೊತ್ತಾಗುತ್ತದೆ ಎಂದು ಕಳಿಸಿದವರು ಅಂದಾಜು ಮಾಡಿದ್ದರು. ದನಿಯಲ್ಲಿ ಕೇಳಿದವರು 73 ಸಲ ಸರಿಯಾಗಿ ಹಿಡಿದರು. ಇಮೇಲ್ ಓದಿದವರು? ಬರೀ 56 ಸಲ. ನಾಣ್ಯ ಚಿಮ್ಮಿದ್ದರೂ 50 ಸಿಗುತ್ತಿತ್ತು, ಅಲ್ವಾ? ಸ್ನೇಹಿತರಾದರೆ ನಮ್ಮ ವ್ಯಂಗ್ಯ ತಿಳಿಯಬಹುದು ಅಂದುಕೊಳ್ಳುತ್ತೇವೆ. ಆದರೆ ಈ ವಿಷಯದಲ್ಲಿ ಸ್ನೇಹಿತರೂ ಅಪರಿಚಿತರೂ ಹೆಚ್ಚುಕಡಿಮೆ ಒಂದೇ.

ಕಾರಣ ಸರಳ. ಬರೆಯುವಾಗ ನಮ್ಮ ವ್ಯಂಗ್ಯದ ದನಿ ನಮ್ಮ ತಲೆಯೊಳಗೆ ಮೊಳಗುತ್ತಿರುತ್ತದೆ. ಅದು ಕಾಗುಣಿತದ ಜೊತೆ ಆಚೆ ಹೋಗುವುದಿಲ್ಲ ಎಂಬುದು ಹೊಳೆಯುವುದೇ ಇಲ್ಲ. ಬರೆದದ್ದನ್ನು ಉಲ್ಟಾ ಧಾಟಿಯಲ್ಲಿ ಗಟ್ಟಿಯಾಗಿ ಓದಿಸಿದಾಗ ಮಾತ್ರ ಅದೇ ತಂಡದ ಇನ್ನೊಂದು ಪ್ರಯೋಗದಲ್ಲಿ ಜನರ ಆತ್ಮವಿಶ್ವಾಸ ಇಳಿಯಿತು.

ರಾಜಕೀಯದ ಸುದ್ದಿ ಬಂದರಂತೂ ಕಥೆ ಇನ್ನೂ ಕೆಡುತ್ತದೆ. ಅಲ್ಲಿ ವ್ಯಂಗ್ಯವೆಂದರೆ ಸಾಮಾನ್ಯವಾಗಿ ಎದುರು ಬಣದವರ ಮಾತನ್ನೇ ಸ್ವಲ್ಪ ಉಬ್ಬಿಸಿ ಹೇಳುವುದು. ತೊಂದರೆ ಏನೆಂದರೆ, ಅಷ್ಟೇ ಉಬ್ಬಿಸಿದ ಮಾತನ್ನು ಗಂಭೀರವಾಗಿ ಹೇಳುವವರೂ ಅಲ್ಲೇ ಪಕ್ಕದಲ್ಲಿರುತ್ತಾರೆ! ಓದುಗ ಯಾವುದನ್ನು ಯಾವುದೆಂದು ತಿಳಿಯಬೇಕು?

ಸಿಟ್ಟಿಗೆ ಮಾತ್ರ ಈ ಕಷ್ಟವಿಲ್ಲ, ಅದಕ್ಕೆ ಪದಗಳೇ ಸಾಕು. 2017ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಬ್ರೇಡಿ ಮತ್ತು ತಂಡ ಬಂದೂಕು ನಿಯಂತ್ರಣ, ಸಲಿಂಗ ವಿವಾಹ, ಹವಾಮಾನ ಬದಲಾವಣೆ ಕುರಿತ ಲಕ್ಷಾಂತರ ಟ್ವೀಟ್‌ಗಳನ್ನು ಜಾಲಾಡಿತು. ಸರಿತಪ್ಪಿನ ತೀರ್ಪೂ ಭಾವನೆಯೂ ಬೆರೆತ ಒಂದೊಂದು ಪದ ಸೇರಿದಂತೆ ಟ್ವೀಟ್ ಸುಮಾರು 20 ಶೇಕಡಾ ಜಾಸ್ತಿ ಹರಡುತ್ತಿತ್ತು.

ಹಾಗಾದರೆ ಎಲ್ಲರೂ ಅಷ್ಟು ಕೆರಳಿದ್ದಾರೆಯೇ? ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2023ರಲ್ಲಿ ಪ್ರಕಟವಾದ ಬ್ರೇಡಿ ತಂಡದ ಇನ್ನೊಂದು ಅಧ್ಯಯನ. ರಾಜಕೀಯದ ಟ್ವೀಟ್ ಹಾಕಿದವರನ್ನು ಆಗಿಂದಾಗಲೇ ಸಂಪರ್ಕಿಸಿ, ಈಗ ನಿಮಗೆ ಎಷ್ಟು ಸಿಟ್ಟಿದೆ ಎಂದು ಕೇಳಿದರು. ಅದೇ ಟ್ವೀಟನ್ನು ಬೇರೆಯವರಿಗೆ ತೋರಿಸಿ, ಬರೆದವರ ಸಿಟ್ಟು ಎಷ್ಟಿರಬಹುದು ಎಂದು ಕೇಳಿದರು. ಓದಿದವರಿಗೆ ಕಂಡ ಸಿಟ್ಟು, ಬರೆದವರು ಹೇಳಿಕೊಂಡದ್ದಕ್ಕಿಂತ ಜಾಸ್ತಿ. ರಾಜಕೀಯ ತಿಳಿಯಲು ಸೋಷಿಯಲ್ ಮೀಡಿಯಾವನ್ನು ಹೆಚ್ಚು ನೋಡುವವರ ಅಂದಾಜು ಇನ್ನೂ ಹೆಚ್ಚು ತಪ್ಪಿತ್ತು.