ಎರಡು ಲಕ್ಷ ಕಿಲೋಮೀಟರ್ ಓಡಿದ ಮೋಟರ್‌ಹೋಮ್ ಕೊಳ್ಳಬಹುದೇ?

ಪ್ರಶ್ನೆ: ಹದಿನಾರು ವರ್ಷ ಹಳೆಯ ಡೀಸೆಲ್ ಮೋಟರ್‌ಹೋಮ್ ಒಂದು ಮಾರಾಟಕ್ಕಿದೆ. ಮೀಟರ್ 2,10,000 ಕಿ.ಮೀ. ತೋರಿಸುತ್ತಿದೆ. ಒಳಗೆಲ್ಲ ಅಚ್ಚುಕಟ್ಟು, ಬೆಲೆಯೂ ಕೈಗೆಟಕುವಂತಿದೆ. ಇಷ್ಟು ಓಡಿದ ಗಾಡಿ ಕೊಂಡರೆ ಮೋಸ ಹೋದಂತೆಯೇ? ಕೊಂಡರೂ ಇನ್ನೆಷ್ಟು ದಿನ ಬಂದೀತು?

ಉತ್ತರ: ಮೀಟರ್ ನೋಡಿ ನೀವು ಹೆದರಿದ್ದೀರಿ. ಆದರೆ ಆ ಮೀಟರ್ ಅರ್ಧ ಗಾಡಿಯ ಕಥೆ ಮಾತ್ರ ಹೇಳುತ್ತದೆ. ಮೋಟರ್‌ಹೋಮ್ ಅಂದರೆ ಒಂದು ವ್ಯಾನು ಅಥವಾ ಟ್ರಕ್ಕು, ಅದರ ಬೆನ್ನ ಮೇಲೊಂದು ಪುಟ್ಟ ಮನೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಓಡಿದಷ್ಟೂ ಸವೆಯುತ್ತವೆ. ಮನೆ ಹಾಗಲ್ಲ, ನಿಂತಲ್ಲೇ ಹಳತಾಗುತ್ತದೆ. ಅದನ್ನು ಕೆಡಿಸುವುದು ಬಿಸಿಲು ಮತ್ತು ನೀರು. ನನ್ನ ಅಭಿಪ್ರಾಯದಲ್ಲಿ ಹಳೆಯ ಮೋಟರ್‌ಹೋಮ್ ಕೊಳ್ಳುವವರ ಕೈ ಕಚ್ಚುವುದು ಹೆಚ್ಚಾಗಿ ಈ ಮನೆಯ ಕಡೆಯಿಂದ, ಎಂಜಿನ್ ಕಡೆಯಿಂದ ಅಲ್ಲ.

ಮೊದಲು ಓಟದ ಲೆಕ್ಕ ಮುಗಿಸಿಬಿಡೋಣ. 2,10,000ವನ್ನು 16 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 13,000 ಕಿ.ಮೀ. ಚಿಲ್ಲರೆ. ರಜೆಗೆಂದು ಮಾತ್ರ ಹೊರಗೆ ತೆಗೆಯುವ ಗಾಡಿಗೆ ಇದು ಜಾಸ್ತಿಯೇ, ಆದರೆ ದಣಿಸಿ ಕೊಂದ ಗಾಡಿಯ ಅಂಕಿಯಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ವ್ಯಾನಿನ ಡೀಸೆಲ್ ಎಂಜಿನ್ 3 ಲಕ್ಷ ಕಿ.ಮೀ. ದಾಟುವುದು ಅಪರೂಪವೇನಲ್ಲ. ದೊಡ್ಡ ಬಸ್ಸಿನಂಥ ಮೋಟರ್‌ಹೋಮುಗಳಿಗೆ ಹಾಕುವ ಟ್ರಕ್ ಎಂಜಿನ್‌ಗಳು ಇನ್ನೂ ಗಟ್ಟಿ. ಒಂದು ಮಾತು ಮಾತ್ರ ಮರೆಯಬೇಡಿ: ಕಾರು ಬಹುಪಾಲು ಖಾಲಿ ಓಡುತ್ತದೆ, ಮೋಟರ್‌ಹೋಮ್ ಹೊರಟ ದಿನದಿಂದಲೂ ಹೆಚ್ಚುಕಡಿಮೆ ಪೂರ್ತಿ ಭಾರ ಹೊತ್ತೇ ಓಡುತ್ತದೆ. ಹಾಗಾಗಿ ಬ್ರೇಕು, ಸಸ್ಪೆನ್ಷನ್, ಕ್ಲಚ್ಚು, ಚಕ್ರದ ಬೇರಿಂಗುಗಳನ್ನು ಕಾರಿನ ಲೆಕ್ಕದಲ್ಲಿ ಅಳೆಯಬಾರದು.

ಓಟ ಎಷ್ಟೆನ್ನುವುದಕ್ಕಿಂತ ಮುಖ್ಯವಾದದ್ದು ಕಾಗದ. ಸರ್ವಿಸ್ ಪುಸ್ತಕ, ಬಿಲ್ಲುಗಳು, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವು, ಪಿಸ್ಟನ್ನುಗಳ ಓಟವನ್ನು ಹೊಂದಿಸುವ ಪಟ್ಟಿ) ಯಾವಾಗ ಬದಲಿಸಿದರು ಎಂಬ ದಾಖಲೆ ಕೇಳಿ. ಬೆಲ್ಟಿಗೆ ಕಿಲೋಮೀಟರಿನ ಮಿತಿ ಇರುವಂತೆ ವರ್ಷದ ಮಿತಿಯೂ ಇರುತ್ತದೆ, ಯಾವುದು ಮೊದಲು ಬಂತೋ ಅದು ಲೆಕ್ಕ. ಅದು ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ, ನಿಮ್ಮದು ಯಾವುದೆಂದು ಮೊದಲೇ ತಿಳಿದುಕೊಳ್ಳಿ. ‘ಎಲ್ಲ ಟೈಮಿಗೆ ಮಾಡಿಸಿದ್ದೀವಿ’ ಅನ್ನುವ ಬಾಯಿಮಾತಿಗೆ ನಾನು ಬೆಲೆ ಕಟ್ಟುವುದಿಲ್ಲ. ಬಿಲ್ಲು ಇಲ್ಲದಿದ್ದರೆ ಮಾಡಿಸಿಲ್ಲವೆಂದೇ ಹಿಡಿದು ಆ ಖರ್ಚನ್ನು ಬೆಲೆಯಿಂದ ಕಳೆಯಿರಿ.

‘ಕಡಿಮೆ ಓಡಿದ್ದೇ ಸಿಕ್ಕರೆ?’ ಎಂದು ನೀವು ಕೇಳಬಹುದು. ಹದಿನೈದು ವರ್ಷದಲ್ಲಿ 30,000 ಕಿ.ಮೀ. ಓಡಿದ ಗಾಡಿ ಎಂದರೆ ಬಹುಕಾಲ ಸುಮ್ಮನೆ ನಿಂತ ಗಾಡಿ. ನಿಂತಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಒತ್ತಿ ಹಿಡಿಯುವ ಕ್ಯಾಲಿಪರ್ ಬಿಗಿದುಕೊಳ್ಳುತ್ತದೆ, ಟ್ಯಾಂಕಿನ ಇಂಧನ ಕೆಡುತ್ತದೆ, ಇಲಿಗಳು ವೈರು ಕಡಿಯುತ್ತವೆ. ಎರಡರಲ್ಲಿ ಒಂದನ್ನು ಆರಿಸು ಅಂದರೆ ದಾಖಲೆ ಸಮೇತ ಎರಡು ಲಕ್ಷ ಓಡಿದ್ದನ್ನೇ ನಾನು ಆರಿಸುತ್ತೇನೆ.

ನೋಡಲು ಹೋಗುವ ಹಿಂದಿನ ದಿನವೇ ಫೋನ್ ಮಾಡಿ ಎರಡು ಮಾತು ಹೇಳಿ: ಫ್ರಿಡ್ಜ್ ಹಾಕಿಡಿ, ಎಂಜಿನ್ ಹಾಕಬೇಡಿ. ಗ್ಯಾಸಿನಲ್ಲೂ ಓಡುವ ಅಮೋನಿಯಾ ಫ್ರಿಡ್ಜ್ ತಣ್ಣಗಾಗಲು ಹಲವು ಗಂಟೆ ಬೇಕು, ನೀವಿರುವ ಸ್ವಲ್ಪ ಹೊತ್ತಿನಲ್ಲಿ ಅದರ ಬಂಡವಾಳ ಗೊತ್ತಾಗುವುದಿಲ್ಲ. ಎಂಜಿನ್ನಿನದು ತಿರುಗುಮುರುಗು. ತಣ್ಣಗಿದ್ದದ್ದನ್ನು ಮೊದಲ ಸಲ ಶುರು ಮಾಡುವಾಗಲೇ ಅದರ ನಿಜರೂಪ ಕಾಣುವುದು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗೆ ಮುಂಚೆಯೇ ಯಾರೋ ಅದನ್ನು ಎಬ್ಬಿಸಿದ್ದಾರೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಸಿಹಿ ವಾಸನೆಯ ಬಿಳಿ ಹೊಗೆ ಬಂದು ನಿಲ್ಲದೇ ಹೋದರೆ ಎಂಜಿನ್ ತಣ್ಣಗಿಡುವ ದ್ರವ (ಕೂಲಂಟ್) ಒಳಗೆ ಸೇರುತ್ತಿದೆ. ಆಮೇಲೆ ಒಂದು ಗಂಟೆಯಾದರೂ ಓಡಿಸಿ, ಏರು ಹತ್ತಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ.

ಈಗ ಮನೆ. ‘ಒಳಗೆಲ್ಲ ಅಚ್ಚುಕಟ್ಟು’ ಎಂದು ಬರೆದಿದ್ದೀರಲ್ಲ, ನನಗೆ ಅನುಮಾನ ಬಂದದ್ದೇ ಅಲ್ಲಿ. ಮೇಲೆ ಥಳಕು ಒಳಗೆ ಹುಳುಕು ಅನ್ನುವ ಮಾತು ಇಂಥ ಗಾಡಿಗೆ ಚೆನ್ನಾಗಿ ಒಪ್ಪುತ್ತದೆ. ಹಾಸಿಗೆ ಎತ್ತಿ, ಅದರಡಿಯ ಪೆಟ್ಟಿಗೆ ತೆಗೆದು, ಗೋಡೆ ನೆಲ ಸೇರುವ ಮೂಲೆಗೆ ಹೆಬ್ಬೆರಳಿಟ್ಟು ಒತ್ತಿ. ಗಟ್ಟಿ ಪ್ಲೈವುಡ್ ಹಿಂದಕ್ಕೆ ತಳ್ಳುತ್ತದೆ. ನೀರು ಕುಡಿದದ್ದು ನೆನೆದ ರಟ್ಟಿನಂತೆ ಬೆರಳಿನ ಗುರುತು ಉಳಿಸಿಕೊಳ್ಳುತ್ತದೆ. ಮೇಲಿನ ಕಪಾಟುಗಳ ಒಳಮೂಲೆ, ಚಾವಣಿಯ ಕಿಟಕಿಯ ಸುತ್ತ, ಸ್ನಾನದ ಜಾಗದ ನೆಲ, ಎಲ್ಲೆಲ್ಲೂ ಹೀಗೇ ಒತ್ತುತ್ತಾ ಹೋಗಿ. ಹೊರಗಿನಿಂದ ಗೋಡೆಯ ಪಕ್ಕ ಮುಖವಿಟ್ಟು ಉದ್ದಕ್ಕೂ ನೋಡಿ. ಎಲ್ಲಾದರೂ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ಪದರ ಬಿಟ್ಟಿದೆ ಎಂದರ್ಥ. ಬಾಗಿಲು ತೆರೆದಾಗ ಮುಗ್ಗಿದ ವಾಸನೆ ಬರಬಾರದು, ಅದನ್ನು ಮುಚ್ಚಲು ಹೊಡೆದ ಸುಗಂಧದ ಘಾಟೂ ಬರಬಾರದು.

ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ತೆಗೆದುಕೊಂಡು ಹೋಗಿ. ಸ್ಥೂಲವಾಗಿ ಹೇಳುವುದಾದರೆ 15 ಶೇಕಡದ ಒಳಗಿದ್ದರೆ ನಿಶ್ಚಿಂತೆ. 20 ದಾಟಿದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. 30ರ ಮೇಲಿದ್ದರೆ ಒಳಗಿನ ಮರದ ಚೌಕಟ್ಟು ಕೊಳೆಯುತ್ತಿರಬಹುದು. ನಾನಾದರೆ ಅಲ್ಲಿಗೇ ವ್ಯವಹಾರ ಬಿಡುತ್ತೇನೆ, ಏಕೆಂದರೆ ಗೋಡೆ ಬಿಚ್ಚುವವರೆಗೆ ರಿಪೇರಿಯ ಅಳತೆ ಯಾರಿಗೂ ತಿಳಿಯುವುದಿಲ್ಲ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಹೋದರೆ ಖರ್ಚು ಇಷ್ಟೇ ಎಂದು ಮೆಕ್ಯಾನಿಕ್ ಹೇಳಬಲ್ಲ, ಕೊಳೆತ ಗೋಡೆಗೆ ಹಾಗೆ ಹೇಳುವವರಿಲ್ಲ. ಮಳೆ ಬಂದ ಮರುದಿನ ಹೋಗಲು ಆದರೆ ಇನ್ನೂ ಒಳ್ಳೆಯದು.

ಟೈರಿನ ವಿಷಯಕ್ಕೆ ಬಂದರೆ, ನೆಲಕ್ಕೆ ತಾಗುವ ಭಾಗದ ಗೀರುಗಳು ಸವೆದಿಲ್ಲ ಎಂದು ಸಮಾಧಾನಪಡಬೇಡಿ. ಟೈರಿನ ಬದಿಯಲ್ಲಿ ‘ಡಾಟ್’ (DOT) ಅಕ್ಷರಗಳ ಸಾಲಿನ ಕೊನೆಗೆ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೋಟರ್‌ಹೋಮಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಆರೇಳು ವರ್ಷವಾಗಿದ್ದರೆ ಅಥವಾ ಬದಿಯಲ್ಲಿ ಸಣ್ಣ ಬಿರುಕು ಕಂಡರೆ ಇಡೀ ಸೆಟ್ಟನ್ನು ನಿಮ್ಮ ಖರ್ಚಿನ ಪಟ್ಟಿಗೆ ಸೇರಿಸಿ. ಗಾಡಿಯೊಳಗಿನ ಮನೆಗೆ ಕರೆಂಟು ಕೊಡುವ ಬ್ಯಾಟರಿಗಳನ್ನೂ ಸೇರಿಸಿ. ಗಾಡಿಯ ಅಡಿಯ ಚೌಕಟ್ಟಿನ (ಚಾಸಿ) ತುಕ್ಕು, ಗ್ಯಾಸ್ ಸೋರಿಕೆ ಎರಡನ್ನೂ ಬಲ್ಲವರಿಂದಲೇ ಪರೀಕ್ಷೆ ಮಾಡಿಸಿ, ಇವು ಹೆಬ್ಬೆರಳಿಗೆ ಸಿಗುವಂಥವಲ್ಲ.

ಹೀಗೆ ಕೂಡಿದ ಪಟ್ಟಿಯನ್ನು ಗಾಡಿಯ ಬೆಲೆಗೆ ಸೇರಿಸಿದಾಗ ಬರುವುದೇ ನಿಜವಾದ ಬೆಲೆ. ಅದು ಕಡಿಮೆ ಓಡಿದ ಇನ್ನೊಂದರ ಹತ್ತಿರಕ್ಕೆ ಬಂದರೆ ನಿಮ್ಮದು ಅಗ್ಗದ ಗಾಡಿಯಲ್ಲ. ಮುಂದೊಂದು ದಿನ ಮಾರುವಾಗ ಈ ಮೀಟರ್ ನೋಡಿ ಕೊಳ್ಳುವವರೂ ನಿಮ್ಮ ಹಾಗೇ ಹಿಂಜರಿಯುತ್ತಾರೆ, ಆದ್ದರಿಂದ ಚೌಕಾಸಿ ಈಗಲೇ ಮಾಡಿಕೊಳ್ಳಿ.

ಇನ್ನೆಷ್ಟು ದಿನ ಬಂದೀತು ಎಂದಿರಿ. ನೀವು ವರ್ಷಕ್ಕೆ 8,000 ಕಿ.ಮೀ. ಓಡಿಸುತ್ತೀರಿ ಎಂದುಕೊಳ್ಳೋಣ. 3 ಲಕ್ಷ ಮುಟ್ಟಲು ಇನ್ನು ಹನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಮನೆಗೆ ಇಪ್ಪತ್ತೇಳು ತುಂಬಿರುತ್ತದೆ. ಎಂಜಿನ್ ಅಲ್ಲಿಯವರೆಗೆ ಬರಬಹುದು, ಚಾವಣಿಯ ಸೀಲು ವರ್ಷಕ್ಕೊಮ್ಮೆ ಏಣಿ ಹತ್ತಿ ನೋಡಿಕೊಳ್ಳುವವರಿದ್ದರೆ ಮಾತ್ರ ಮನೆಯೂ ಬರುತ್ತದೆ.